ಭೇದಿ ನಿಂತಿತು, ಕಾಯಿಲೆ ನಿಂತಿತೇ?



ಮುಂಗಾರಿನ ಹೊಸ ನೀರು ಹಳ್ಳ ಕೆರೆಗಳಿಗೆ ಇಳಿಯುವ ದಿನಗಳು, ಊರ ಜಾತ್ರೆ ಮುಗಿದ ಮರುವಾರ, ಈ ಎರಡು ಕಾಲಗಳಲ್ಲಿ ನಮ್ಮಂತಹ ವೈದ್ಯರ ಮನೆಯ ಕಟ್ಟೆ ಬರಿದಾಗಿರುವುದಿಲ್ಲ. ವಾಂತಿಭೇದಿಯಿಂದ ಬಳಲಿದವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಔಷಧಿ ಕೊಡುತ್ತೇವೆ, ಗಂಜಿ ಹೇಳುತ್ತೇವೆ, ನಾಲ್ಕು ದಿನಗಳಲ್ಲಿ ಭೇದಿ ನಿಲ್ಲುತ್ತದೆ. ರೋಗಿ ಹೊಲಕ್ಕೆ ಹೋಗುತ್ತಾನೆ, ವೈದ್ಯನು ಮುಂದಿನ ರೋಗಿಯ ನಾಡಿ ಹಿಡಿಯುತ್ತಾನೆ. ಆ ಕಾಯಿಲೆಯನ್ನು ಇಬ್ಬರೂ ಮರೆಯುತ್ತಾರೆ. ಸುಮಾರು ನಲವತ್ತು ವರ್ಷಗಳ ವೃತ್ತಿಯಲ್ಲಿ ಬಹುಕಾಲ ನಾನೂ ಹೀಗೆಯೇ ನಡೆದುಕೊಂಡವನು. ಅದು ಅರ್ಧ ಚಿಕಿತ್ಸೆಯಾಗಿತ್ತು ಎಂದು ಇಂದು ಒಪ್ಪಿಕೊಳ್ಳುವುದಕ್ಕಾಗಿ ಈ ಲೇಖನ ಬರೆಯುತ್ತಿದ್ದೇನೆ. ಕಲುಷಿತ ಆಹಾರ ಅಥವಾ ನೀರಿನಿಂದ ಬಂದ ತೀವ್ರವಾದ ಭೇದಿಯು ಹೊಟ್ಟೆಯ ಕಾಯಿಲೆ ಮಾತ್ರವಲ್ಲ. ಅದು ಮೂತ್ರಪಿಂಡಗಳಿಗೂ ಪೆಟ್ಟು ಕೊಟ್ಟು ಹೋಗಿರಬಹುದು. ಆ ಪೆಟ್ಟು ಹತ್ತು ಹದಿನೈದು ವರ್ಷಗಳ ನಂತರ ಹೊರಬೀಳಬಹುದು.

ಒಬ್ಬ ರೋಗಿಯ ಮಾತು

ವೃತ್ತಿಯ ಆರಂಭದ ವರ್ಷಗಳಲ್ಲಿ, ಒಂದು ಜಾತ್ರೆಯ ನಂತರ, ಮೂವತ್ತರ ಆಸುಪಾಸಿನ ರೈತರೊಬ್ಬರನ್ನು ಅವರ ಮನೆಯವರು ನನ್ನಲ್ಲಿಗೆ ಎತ್ತಿನ ಗಾಡಿಯಲ್ಲಿ ಕರೆತಂದರು. ಐದು ದಿನಗಳಿಂದ ರಕ್ತಮಿಶ್ರಿತ ಭೇದಿ. ಕಣ್ಣು ಗುಳಿಬಿದ್ದಿತ್ತು, ನಾಲಿಗೆ ಒಣಗಿತ್ತು. ಹಿಂದಿನ ದಿನದಿಂದ ಮೂತ್ರ ಬಹಳ ಕಡಿಮೆಯಾಗಿದೆ ಎಂದು ಅವರ ತಾಯಿ ಹೇಳಿದರು. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ಮಾತ್ರೆಗಳನ್ನು ಅವರು ಆಗಲೇ ಮೂರು ದಿನ ನುಂಗಿದ್ದರು. ನಾನು ಕುಟಜದ ಔಷಧಿ ಕೊಟ್ಟೆ, ಅರಳಿನ ಗಂಜಿ ಹೇಳಿದೆ, ಸಕ್ಕರೆ ಉಪ್ಪಿನ ನೀರು ಕುಡಿಸಿದೆ. ಮೂರು ದಿನಗಳಲ್ಲಿ ಅವರು ಎದ್ದು ಕುಳಿತರು. ಮನೆಯವರು ಕಾಯಿ, ಬಾಳೆಹಣ್ಣು ತಂದು ಕೊಟ್ಟು ಹೋದರು. ಕೈಗುಣ ಚೆನ್ನಾಗಿದೆ ಎಂಬ ಮಾತು ಊರಲ್ಲಿ ಹರಡಿತು. ನನಗೂ ಸಂತೋಷವಾಗಿತ್ತು.

ಹದಿನಾಲ್ಕು ವರ್ಷಗಳ ನಂತರ ಅದೇ ವ್ಯಕ್ತಿ ಮತ್ತೆ ಬಂದರು. ಕಾಲುಗಳಲ್ಲಿ ಬಾವು, ಮುಖ ಬಿಳಿಚಿಕೊಂಡಿತ್ತು, ಅನ್ನ ಕಂಡರೆ ವಾಕರಿಕೆ. ರಕ್ತದೊತ್ತಡ 190ರ ಮೇಲಿತ್ತು. ರಕ್ತಪರೀಕ್ಷೆಗೆ ಕಳುಹಿಸಿದಾಗ ಎರಡೂ ಮೂತ್ರಪಿಂಡಗಳು ಬಹುತೇಕ ಸೋತಿರುವುದು ತಿಳಿಯಿತು. ಮುಂದಿನ ದಿನಗಳಲ್ಲಿ ಅವರು ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುವುದು ವಾರದ ಕಾಯಕವಾಯಿತು. ಒಮ್ಮೆ ಹಾಗೆಯೇ ಬಂದು ಕುಳಿತವರು ಕೇಳಿದರು: “ಡಾಕ್ಟರ್ ಸಾಹೇಬ್ರ, ಆವಾಗ ಭೇದಿ ನಿಂತ ಮ್ಯಾಲೆ ಮತ್ತ ಬಂದು ತೋರಸು ಅಂತ ನೀವು ಹೇಳಲಿಲ್ಲಲ್ರಿ?”

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕಾಗಿಯೇ ಆ ಮಾತು ನನ್ನಲ್ಲಿ ಉಳಿಯಿತು. ಅವರ ಮೂತ್ರಪಿಂಡಗಳನ್ನು ಕೆಡಿಸಿದ್ದು ಆ ಭೇದಿಯೇ ಎಂದು ನಾನು ಸಾಧಿಸಿ ತೋರಿಸಲಾರೆ. ನಡುವೆ ಬೇರೆ ಕಾರಣಗಳೂ ಸೇರಿರಬಹುದು. ಆದರೆ ಒಂದನ್ನು ಖಚಿತವಾಗಿ ಹೇಳಬಲ್ಲೆ. ಆ ಹದಿನಾಲ್ಕು ವರ್ಷಗಳಲ್ಲಿ ಅವರ ರಕ್ತದೊತ್ತಡವನ್ನು ಯಾರೂ ಒಮ್ಮೆಯೂ ನೋಡಿರಲಿಲ್ಲ, ಮೂತ್ರವನ್ನು ಯಾರೂ ಪರೀಕ್ಷಿಸಿರಲಿಲ್ಲ. ನೋಡಿಸಿಕೊಳ್ಳಬೇಕೆಂದು ಹೇಳಬೇಕಾದವನು ನಾನಾಗಿದ್ದೆ.

ಪೆಟ್ಟು ಬೀಳುವುದು ಹೇಗೆ?

ಹೊಟ್ಟೆಯ ಕಾಯಿಲೆ ಮೂತ್ರಪಿಂಡವನ್ನು ಮುಟ್ಟುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ನೀರಿನ ನಷ್ಟ. ನಮ್ಮ ಹೃದಯ ಹೊರದೂಡುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗ ಮೂತ್ರಪಿಂಡಗಳಿಗೇ ಹೋಗುತ್ತದೆ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿವೆ. ಇವುಗಳನ್ನು ನೆಫ್ರಾನ್ ಎನ್ನುತ್ತಾರೆ. ಇವೆಲ್ಲ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಕಾದುದನ್ನು ಮರಳಿ ರಕ್ತಕ್ಕೆ ಸೇರಿಸಿ, ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬಿಡುತ್ತವೆ. ವಾಂತಿಭೇದಿಯಲ್ಲಿ ದೇಹದ ನೀರು, ಉಪ್ಪು ಹರಿದುಹೋದಾಗ ರಕ್ತದ ಪ್ರಮಾಣ ಕುಗ್ಗುತ್ತದೆ, ಮೂತ್ರಪಿಂಡಗಳಿಗೆ ಬರುವ ಹರಿವು ಇಳಿಯುತ್ತದೆ. ಬೇಗ ನೀರು ತುಂಬಿದರೆ ಅವು ಚೇತರಿಸಿಕೊಳ್ಳುತ್ತವೆ. ತಡವಾದರೆ ಒಳಗಿನ ಜೀವಕೋಶಗಳು ಸಾಯತೊಡಗುತ್ತವೆ. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ನಡೆಯುವುದು ಇದೇ.

ಎರಡನೆಯದು ವಿಷದ ದಾರಿ. ಕೆಲವು ಬ್ಯಾಕ್ಟೀರಿಯಾಗಳು ಕರುಳಿನಲ್ಲಿ ಶಿಗಾ ಎಂಬ ವಿಷವನ್ನು ಉತ್ಪಾದಿಸುತ್ತವೆ. 1897ರಲ್ಲಿ ಆಮಶಂಕೆಯ ರೋಗಾಣುವನ್ನು ಗುರುತಿಸಿದ ಜಪಾನಿನ ವಿಜ್ಞಾನಿ ಕಿಯೋಶಿ ಶಿಗಾ ಅವರ ಹೆಸರೇ ಇದಕ್ಕೆ ಬಂದಿದೆ. ಈ ವಿಷ ಕರುಳಿನ ಗೋಡೆ ದಾಟಿ ರಕ್ತ ಸೇರಿ, ಮೂತ್ರಪಿಂಡದ ಅತಿ ಸಣ್ಣ ರಕ್ತನಾಳಗಳ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿ ಸಣ್ಣ ಸಣ್ಣ ಹೆಪ್ಪುಗಳು ಕಟ್ಟುತ್ತವೆ. ಅವುಗಳ ನಡುವೆ ನುಸುಳುವ ಕೆಂಪು ರಕ್ತಕಣಗಳು ಹರಿದುಹೋಗುತ್ತವೆ, ಪ್ಲೇಟ್‌ಲೆಟ್‌ಗಳು ಕಡಿಮೆಯಾಗುತ್ತವೆ, ಮೂತ್ರ ನಿಲ್ಲುತ್ತದೆ. ಇದಕ್ಕೆ ಹಿಮೋಲಿಟಿಕ್ ಯುರೀಮಿಕ್ ಸಿಂಡ್ರೋಮ್ ಎಂದು ಹೆಸರು. ಐದು ವರ್ಷದೊಳಗಿನ ಮಕ್ಕಳಿಗೆ ಇದರ ಅಪಾಯ ಹೆಚ್ಚು. ಗಮನಿಸಬೇಕಾದ ಸಂಗತಿಯೆಂದರೆ, ಇದು ಭೇದಿ ಆರಂಭವಾದ ಸುಮಾರು ಒಂದು ವಾರಕ್ಕೆ, ಅಂದರೆ ಭೇದಿ ಇಳಿಮುಖವಾಗಿ ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ.

ಭಾರತದಲ್ಲಿ ಈ ತೊಡಕಿಗೆ ಬಹುಕಾಲದಿಂದ ಮುಖ್ಯ ಕಾರಣವಾಗಿದ್ದುದು ರಕ್ತಭೇದಿ ತರುವ ಶಿಗೆಲ್ಲಾ ಎಂಬ ರೋಗಾಣುವಿನ ಒಂದು ಬಗೆ. ಪಾಶ್ಚಾತ್ಯ ದೇಶಗಳಲ್ಲಿ ಇ. ಕೋಲಿ ಒ157 ಎಂಬ ರೋಗಾಣು. ಈ ಎರಡನೆಯದು ದನಕರುಗಳ ಕರುಳಿನಲ್ಲಿ, ಅವುಗಳಿಗೆ ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತದೆ.

ಎರಡೂ ದಾರಿಗಳಲ್ಲಿ ಕೊನೆಗೆ ಆಗುವ ನಷ್ಟ ಒಂದೇ: ಸತ್ತ ನೆಫ್ರಾನ್ ಮತ್ತೆ ಹುಟ್ಟುವುದಿಲ್ಲ. ಉಳಿದವು ಸತ್ತವುಗಳ ಪಾಲಿನ ಕೆಲಸವನ್ನೂ ಮಾಡುತ್ತವೆ. ಕೂಡು ಕುಟುಂಬದಲ್ಲಿ ದುಡಿಯುವ ಇಬ್ಬರು ತೀರಿಹೋದಾಗ ಉಳಿದವರು ಹೆಗಲು ಕೊಟ್ಟು ಮನೆ ನಡೆಸುವಂತೆ, ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಆದರೆ ಅತಿಭಾರ ಹೊತ್ತವರು ಒಬ್ಬೊಬ್ಬರಾಗಿ ಸೋಲುತ್ತಾರೆ. ರಕ್ತದಲ್ಲಿ ಕ್ರಿಯಾಟಿನಿನ್ ಏರಿರುವುದು ಕಾಣಿಸುವ ಹೊತ್ತಿಗೆ ಮೂತ್ರಪಿಂಡದ ಶಕ್ತಿ ಸುಮಾರು ಅರ್ಧ ಕಳೆದಿರಬಹುದು. ನೋವಿರುವುದಿಲ್ಲ. ನೋವಿಲ್ಲದ ಕಾಯಿಲೆಗೆ ವೈದ್ಯನನ್ನು ಹುಡುಕಿ ಹೋಗುವವರು ಯಾರು?

ವಾಕರ್ಟನ್ ಎಂಬ ಊರು ಕಲಿಸಿದ್ದು

ಭೇದಿಗೂ ಮುಂದಿನ ವರ್ಷಗಳ ಮೂತ್ರಪಿಂಡದ ಆರೋಗ್ಯಕ್ಕೂ ಸಂಬಂಧವಿದೆ ಎಂಬುದನ್ನು ಒಬ್ಬಿಬ್ಬರು ರೋಗಿಗಳನ್ನು ನೋಡಿ ಹೇಳಲಾಗದು. ಒಂದು ಊರಿಗೆ ಊರೇ ಕಾಯಿಲೆ ಬಿದ್ದು, ಆ ಜನರನ್ನೆಲ್ಲ ವರ್ಷಗಟ್ಟಲೆ ಪರೀಕ್ಷಿಸುತ್ತ ಬಂದರೆ ಹೇಳಬಹುದು. ಅಂತಹ ಒಂದು ಪ್ರಸಂಗ ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದ ವಾಕರ್ಟನ್ ಎಂಬ ಊರಿನಲ್ಲಿ ನಡೆಯಿತು. ಸುಮಾರು ಐದು ಸಾವಿರ ಜನಸಂಖ್ಯೆಯ, ಒಕ್ಕಲುತನದ ನಡುವಿನ ಸಣ್ಣ ಊರು ಅದು.

2000ದ ಮೇ ತಿಂಗಳಲ್ಲಿ ಅಲ್ಲಿ ಕೆಲವು ದಿನ ಜೋರು ಮಳೆಯಾಯಿತು. ಹತ್ತಿರದ ಹೊಲವೊಂದಕ್ಕೆ ಹಾಕಿದ್ದ ಸಗಣಿ ಗೊಬ್ಬರದ ಅಂಶ ಮಳೆನೀರಿನೊಡನೆ ಇಳಿದು, ಊರಿಗೆ ನೀರು ಒದಗಿಸುತ್ತಿದ್ದ ಆಳವಿಲ್ಲದ ಬಾವಿಯೊಂದನ್ನು ಸೇರಿತು. ಸಾಕಷ್ಟು ಕ್ಲೋರಿನ್ ಇದ್ದಿದ್ದರೆ ರೋಗಾಣುಗಳು ಸಾಯುತ್ತಿದ್ದವು. ಆದರೆ ನೀರು ಸರಬರಾಜು ನೋಡಿಕೊಳ್ಳುತ್ತಿದ್ದವರು ಕ್ಲೋರಿನ್ ಪ್ರಮಾಣವನ್ನು ದಿನವೂ ಅಳೆಯದೆ, ಅಳೆದಂತೆ ಪುಸ್ತಕದಲ್ಲಿ ಸುಳ್ಳು ಅಂಕಿ ಬರೆಯುವ ರೂಢಿ ಮಾಡಿಕೊಂಡಿದ್ದರು. ನೀರು ಕೆಟ್ಟಿದೆಯೆಂದು ಪ್ರಯೋಗಾಲಯದ ವರದಿ ಬಂದ ಮೇಲೂ ಅದನ್ನು ಮುಚ್ಚಿಟ್ಟು, ಆರೋಗ್ಯ ಅಧಿಕಾರಿಗಳು ಕೇಳಿದಾಗ ನೀರು ಚೆನ್ನಾಗಿಯೇ ಇದೆ ಎಂದರು. ಮೇ 21ರಂದು ಆರೋಗ್ಯ ಅಧಿಕಾರಿಗಳು ತಾವಾಗಿಯೇ ನೀರು ಕುದಿಸಿ ಕುಡಿಯಿರೆಂದು ಸಾರುವಷ್ಟರಲ್ಲಿ ಹೊತ್ತು ಮೀರಿತ್ತು. ಸುಮಾರು 2,300 ಜನ ಕಾಯಿಲೆ ಬಿದ್ದರು. 27 ಜನರಿಗೆ ನಾನು ಮೇಲೆ ಹೇಳಿದ ಮೂತ್ರಪಿಂಡದ ತೊಡಕು ಬಂತು. 7 ಜನ ತೀರಿಕೊಂಡರು.

ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವಿಚಾರಣಾ ಆಯೋಗ 2002ರಲ್ಲಿ ವರದಿ ನೀಡಿತು. ಗೊಬ್ಬರ ಹಾಕಿದ ರೈತನದು ತಪ್ಪಿಲ್ಲ, ಆತ ಒಳ್ಳೆಯ ರೀತಿಯಲ್ಲಿಯೇ ಒಕ್ಕಲುತನ ಮಾಡುತ್ತಿದ್ದ ಎಂದು ಆ ವರದಿ ಸ್ಪಷ್ಟಪಡಿಸಿತು. ತಪ್ಪು ಸಗಣಿಯದಲ್ಲ, ದನದ್ದಲ್ಲ, ಒಕ್ಕಲಿಗನದ್ದಲ್ಲ. ಕಾಯಬೇಕಾದವರು ಕಾಯದೆ ಇದ್ದದ್ದು.

ನಮಗೆ ಇಂದು ಬೇಕಾದ ಪಾಠ ಆ ನಂತರದ್ದು. ವೈದ್ಯರ ತಂಡವೊಂದು ಆ ಊರಿನ ಜನರನ್ನು ಹಲವು ವರ್ಷ ಕಾಲ, ವರ್ಷಕ್ಕೊಮ್ಮೆ ಕರೆದು ಪರೀಕ್ಷಿಸುತ್ತ ಬಂದಿತು. ಸುಮಾರು ಎರಡು ಸಾವಿರ ವಯಸ್ಕರ ಎಂಟು ವರ್ಷಗಳ ವಿವರಗಳು 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದವು. ಆಗ ತೀವ್ರವಾದ ಭೇದಿ ಬಂದಿದ್ದವರಲ್ಲಿ, ಬರದವರಿಗಿಂತ ಅಥವಾ ಅಲ್ಪವಾಗಿ ಬಂದವರಿಗಿಂತ, ರಕ್ತದೊತ್ತಡ ಬರುವ ಸಂಭವ ಶೇಕಡಾ 33ರಷ್ಟು ಹೆಚ್ಚಾಗಿತ್ತು. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಸಂಭವ ಸುಮಾರು ಎರಡು ಪಟ್ಟಾಗಿತ್ತು. ಸೋಸುವ ಶಕ್ತಿ ಇಳಿಯುವುದು, ಮೂತ್ರದಲ್ಲಿ ಪ್ರೋಟೀನ್ ಸೋರುವುದು, ಮೂತ್ರಪಿಂಡ ಸೋಲುವ ಈ ಎರಡೂ ಲಕ್ಷಣಗಳು ಒಟ್ಟಿಗೆ ಕಾಣುವ ಸಂಭವ ಮೂರು ಪಟ್ಟಿಗೂ ಮಿಗಿಲಾಗಿತ್ತು. ಇವರಲ್ಲಿ ಬಹಳಷ್ಟು ಜನ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತದೆ ಮನೆಯಲ್ಲಿಯೇ ಗುಣವಾದವರು.

ಈ ಅಂಕಿಗಳನ್ನು ಓದಿ ಯಾರೂ ಹೆದರಬಾರದು. ಮೂತ್ರಪಿಂಡದ ಎರಡೂ ಲಕ್ಷಣಗಳು ಕಂಡವರು ಒಟ್ಟು ಜನರಲ್ಲಿ ಸಣ್ಣ ಪಾಲು ಮಾತ್ರ. ಭೇದಿ ಬಂದವರಲ್ಲಿ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ಹಿಮೋಲಿಟಿಕ್ ಯುರೀಮಿಕ್ ಸಿಂಡ್ರೋಮ್ ಬಂದು ಬದುಕಿದವರ ಮಾತು ಬೇರೆ. ಅವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರಕ್ತದೊತ್ತಡವೋ ಮೂತ್ರದಲ್ಲಿ ಪ್ರೋಟೀನೋ ಸೋಸುವ ಶಕ್ತಿಯ ಕೊರತೆಯೋ ಉಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಯಾರು ಆ ಸಣ್ಣ ಪಾಲಿಗೆ ಸೇರಿದವರು ಎಂಬುದು ಮುಖ ನೋಡಿದರೆ ತಿಳಿಯದು. ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ.

ಆಯುರ್ವೇದ ಏನು ಹೇಳುತ್ತದೆ?

“ಆಯುರ್ವೇದದ ವೈದ್ಯರಾಗಿ ಕ್ರಿಯಾಟಿನಿನ್ ಮಾತಾಡುತ್ತೀರಲ್ಲ?” ಎಂದು ಕೆಲವು ಸದ್ಭಕ್ತರು ನನ್ನನ್ನು ಕೇಳುವುದುಂಟು. ನನ್ನ ಉತ್ತರ ಸರಳವಾದದ್ದು. ನಮ್ಮ ಶಾಸ್ತ್ರವು ರೋಗ ಇಳಿದ ಮೇಲಿನ ಕಾಲವನ್ನು ಎಂದೂ ಕಡೆಗಣಿಸಿಲ್ಲ, ಕಡೆಗಣಿಸಿದವರು ನಾವು. ಬಲ ಮರಳುವ ಮುನ್ನ ಅಪಥ್ಯಕ್ಕಿಳಿದವನಿಗೆ ಜ್ವರ ಮರುಕಳಿಸುತ್ತದೆ ಎಂದು ಚರಕಸಂಹಿತೆ ಎಚ್ಚರಿಸುತ್ತದೆ. ದೋಷವು ಧಾತುಗಳಲ್ಲಿ ಅಡಗಿ ಕುಳಿತು, ನೆಲದೊಳಗಿನ ಬೀಜದಂತೆ ಕಾಲ ಬಂದಾಗ ತಲೆಯೆತ್ತುವ ವಿಚಾರವೂ ವಿಷಮಜ್ವರದ ಪ್ರಕರಣದಲ್ಲಿ ಇದೆ. ಅದೇ ಗ್ರಂಥದ ವಿಮಾನಸ್ಥಾನವು ಊರಿಗೆ ಊರೇ ರೋಗಕ್ಕೆ ತುತ್ತಾಗುವುದಕ್ಕೆ ವಾಯು, ಉದಕ, ದೇಶ, ಕಾಲ ಎಂಬ ನಾಲ್ಕರ ಕೆಡುಕನ್ನು ಕಾರಣವಾಗಿ ಹೇಳುತ್ತದೆ. ಉದಕ ಕೆಟ್ಟರೆ ಬಡವ ಬಲ್ಲಿದ, ಪಥ್ಯದವ ಅಪಥ್ಯದವ ಎಂಬ ಭೇದವಿಲ್ಲದೆ ಎಲ್ಲರೂ ಬೀಳುತ್ತಾರೆ. ವಾಕರ್ಟನ್‌ನಲ್ಲಿ ಆದದ್ದು ಇದೇ.

ಹಾಗೆಂದು ಇಂದಿನ ರೋಗಾಣುಗಳನ್ನು ನಮ್ಮ ಋಷಿಗಳು ಅಂದೇ ಕಂಡಿದ್ದರು ಎಂದು ನಾನು ಹೇಳಲಾರೆ. ಹಾಗೆ ಹೇಳಿ ಪರೀಕ್ಷೆ ತಪ್ಪಿಸುವುದು ಶಾಸ್ತ್ರಕ್ಕೆ ಮಾಡುವ ಗೌರವವಲ್ಲ. ಪ್ರತ್ಯಕ್ಷ, ಅನುಮಾನಗಳಿಂದ ರೋಗವನ್ನು ಅರಿಯಬೇಕೆಂದು ಕಲಿಸಿದ ಶಾಸ್ತ್ರ ನಮ್ಮದು. ಕಣ್ಣಿಗೆ ಕಾಣದ್ದನ್ನು ಇಂದು ಪ್ರಯೋಗಾಲಯ ತೋರಿಸುತ್ತದೆ. ಅದನ್ನು ನೋಡದೆ ಇರುವುದೇ ಶಾಸ್ತ್ರವಿರೋಧ.

ಇನ್ನೊಂದು ಮಾತನ್ನು ನಮ್ಮ ವೈದ್ಯಬಂಧುಗಳು ಬೇಸರಿಸದೆ ಕೇಳಬೇಕು. ಪುನರ್ನವ, ಗೋಕ್ಷುರಗಳ ಹೆಸರು ಹೇಳಿ ಸತ್ತ ಮೂತ್ರಪಿಂಡವನ್ನು ಮತ್ತೆ ಬದುಕಿಸುತ್ತೇವೆ ಎಂಬ ಜಾಹೀರಾತುಗಳನ್ನು ನಂಬಿ ಡಯಾಲಿಸಿಸ್ ಬಿಟ್ಟವರನ್ನು ನಾನು ಕಂಡಿದ್ದೇನೆ. ಅವರು ಹೆಚ್ಚು ದಿನ ಉಳಿಯಲಿಲ್ಲ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯವಲ್ಲ. ನಮ್ಮ ಬೇಲಿಗಳಲ್ಲಿ ಬೆಳೆಯುವ ಈಶ್ವರಿ ಬಳ್ಳಿಯ ಜಾತಿಯ ಸಸ್ಯಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಒಣಗಿಸಿಬಿಡುತ್ತದೆ. ಬೆಲ್ಜಿಯಂನಲ್ಲಿ ಮೈ ಇಳಿಸಲೆಂದು ಅಂತಹ ಮೂಲಿಕೆ ಬೆರೆತ ಔಷಧಿ ಸೇವಿಸಿದ ಹಲವು ಮಹಿಳೆಯರ ಮೂತ್ರಪಿಂಡಗಳು ಹಾಳಾದ ವಿಷಯ 1993ರಲ್ಲಿ ವೈದ್ಯಲೋಕಕ್ಕೆ ತಿಳಿಯಿತು. ಮೊದಲೇ ಪೆಟ್ಟು ತಿಂದ ಮೂತ್ರಪಿಂಡವಿರುವವರು ಯಾವ ಕಷಾಯವನ್ನಾಗಲಿ ಭಸ್ಮವನ್ನಾಗಲಿ ಓದಿದ ವೈದ್ಯರನ್ನು ಕೇಳದೆ ಸೇವಿಸಬಾರದು.

ಭೇದಿಯ ದಿನಗಳಲ್ಲಿ

ಮೂತ್ರಪಿಂಡವನ್ನು ಉಳಿಸುವ ಕೆಲಸ ಭೇದಿಯ ಮೊದಲ ದಿನವೇ ಆರಂಭವಾಗಬೇಕು. ಮೊದಲ ಔಷಧಿ ನೀರು. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬೋನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ, ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಸಕ್ಕರೆಗಳ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಅದೇ ಇಂದಿನ ಓಆರ್‌ಎಸ್. ಪೊಟ್ಟಣದ ಮೇಲೆ ಹೇಳಿದಷ್ಟೇ ಕುದಿಸಿ ಆರಿಸಿದ ನೀರಿಗೆ ಇಡೀ ಪೊಟ್ಟಣವನ್ನು ಬೆರೆಸಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟಸ ಚಹಾ ಚಮಚ ಉಪ್ಪು. ಉಪ್ಪು ಹಾಕಿದ ತೆಳು ಗಂಜಿ, ಅರಳಿನ ತಿಳಿ ಕೂಡ ಒಳ್ಳೆಯವು. ವಾಂತಿಯಿದ್ದರೆ ಚಮಚ ಚಮಚವಾಗಿ ಕೊಡಿ, ನಿಲ್ಲಿಸಬೇಡಿ.

ಮೈಕೈ ನೋವು, ಜ್ವರವೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ತಂದು ನುಂಗಬೇಡಿ. ನೀರು ಕಳೆದುಕೊಂಡ ದೇಹದಲ್ಲಿ ಇವು ಮೂತ್ರಪಿಂಡಕ್ಕೆ ಹೋಗುವ ರಕ್ತದ ಹರಿವನ್ನು ಇನ್ನಷ್ಟು ತಗ್ಗಿಸುತ್ತವೆ. ರಕ್ತ ಬೀಳುತ್ತಿರುವಾಗ ಭೇದಿಯನ್ನು ಥಟ್ಟನೆ ಕಟ್ಟಿಹಾಕುವ ಮಾತ್ರೆಗಳೂ ಬೇಡ. ವಿಷ ಒಳಗೇ ಉಳಿಯುತ್ತದೆ. ಆ್ಯಂಟಿಬಯೋಟಿಕ್ ಸಹ ಕೆಲವು ರೋಗಾಣುಗಳಿಗೆ ಅಗತ್ಯ, ಕೆಲವಕ್ಕೆ ಅಪಾಯ. ಅದನ್ನು ವೈದ್ಯರು ನಿರ್ಧರಿಸಲಿ. ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ ದಿನವೂ ಮಾತ್ರೆ ತೆಗೆದುಕೊಳ್ಳುವವರು ಭೇದಿಯ ದಿನಗಳಲ್ಲಿ ಅವುಗಳನ್ನು ಹೇಗೆ ತೆಗೆದುಕೊಳ್ಳಬೇಕೆಂದು ಕೂಡಲೇ ವೈದ್ಯರನ್ನು ಕೇಳಬೇಕು.

ಎಳನೀರಿನ ಬಗ್ಗೆ ಒಂದು ಎಚ್ಚರಿಕೆ. ಮೂತ್ರ ಸರಿಯಾಗಿ ಹೋಗುತ್ತಿರುವವರಿಗೆ ಅದು ಒಳ್ಳೆಯದೇ. ಆದರೆ ಮೂತ್ರ ನಿಂತವರಿಗೆ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಹೃದಯಕ್ಕೆ ಅಪಾಯ ತರಬಲ್ಲದು.

ಮಲದಲ್ಲಿ ರಕ್ತ, ಎಂಟು ಹತ್ತು ಗಂಟೆ ಮೂತ್ರವಿಲ್ಲದಿರುವುದು, ಅತಿಯಾದ ಮಂಪರು, ಭೇದಿ ನಿಲ್ಲುತ್ತಿದ್ದಂತೆ ಮಗುವಿನ ಮುಖ ಬಿಳಿಚುವುದು, ಕಣ್ಣ ಸುತ್ತ ಬಾವು, ಮೈಮೇಲೆ ಕಾರಣವಿಲ್ಲದೆ ಮೂಡುವ ಕೆಂಪು ನೀಲಿ ಕಲೆಗಳು, ಇವುಗಳಲ್ಲಿ ಒಂದು ಕಂಡರೂ ನನ್ನಂತಹವರ ಕಟ್ಟೆಗೆ ಬರಬೇಡಿ. ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.

ಭೇದಿ ನಿಂತ ಮೇಲೆ

ಒಂದೆರಡು ದಿನ ಹೊಟ್ಟೆ ಕೆಟ್ಟು ಸರಿಹೋದವರು ಯಾವ ಚಿಂತೆಯನ್ನೂ ಮಾಡಬೇಕಿಲ್ಲ. ಆದರೆ ಮಲದಲ್ಲಿ ರಕ್ತ ಬಿದ್ದವರು, ಮೂತ್ರ ಕಡಿಮೆಯಾಗಿದ್ದವರು, ಆಸ್ಪತ್ರೆ ಸೇರಿ ದ್ರವ ಹಾಕಿಸಿಕೊಂಡವರು, ಆಗ ಕ್ರಿಯಾಟಿನಿನ್ ಏರಿತ್ತೆಂದು ತಿಳಿದವರು ಮೂರು ತಿಂಗಳ ನಂತರ ಮೂರು ಪರೀಕ್ಷೆ ಮಾಡಿಸಿಕೊಳ್ಳಬೇಕು: ರಕ್ತದೊತ್ತಡ, ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್. ಮೂರೂ ಸರಿಯಿದ್ದರೆ ಮುಂದೆ ವರ್ಷಕ್ಕೊಮ್ಮೆ ರಕ್ತದೊತ್ತಡ ಮತ್ತು ಮೂತ್ರ ನೋಡಿಸಿದರೆ ಸಾಕು. ಒಂದು ತಪ್ಪಿದ್ದರೂ ಮೂತ್ರಪಿಂಡ ತಜ್ಞರನ್ನು ಕಾಣಬೇಕು. ಹಿಮೋಲಿಟಿಕ್ ಯುರೀಮಿಕ್ ಸಿಂಡ್ರೋಮ್ ಬಂದಿದ್ದ ಮಕ್ಕಳನ್ನು ಅವರು ಎಷ್ಟೇ ಚೆನ್ನಾಗಿ ಆಡಿಕೊಂಡಿದ್ದರೂ ಹಲವು ವರ್ಷ ತಜ್ಞರಿಗೆ ತೋರಿಸುತ್ತಿರಬೇಕು. ಅಂತಹ ಹೆಣ್ಣುಮಗಳು ಮುಂದೆ ಗರ್ಭಿಣಿಯಾದಾಗ ಈ ಹಳೆಯ ಕಾಯಿಲೆಯ ವಿಷಯವನ್ನು ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ಹೇಳಬೇಕು.

ಪರೀಕ್ಷೆಯಿಂದ ತಿಳಿದು ಮಾಡುವುದಾದರೂ ಏನು ಎಂದು ಕೇಳಬಹುದು. ಮಾಡುವುದು ಬಹಳವಿದೆ. ರಕ್ತದೊತ್ತಡವನ್ನು ಹದ್ದಿನಲ್ಲಿಟ್ಟರೆ, ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ತಗ್ಗಿಸಿದರೆ, ಉಳಿದ ನೆಫ್ರಾನ್‌ಗಳ ಆಯುಷ್ಯ ಹೆಚ್ಚುತ್ತದೆ. ಅದಕ್ಕೆ ಒಳ್ಳೆಯ ಔಷಧಿಗಳಿವೆ. ಮನೆಯಲ್ಲಿ ಉಪ್ಪನ್ನು ದಿನಕ್ಕೆ ಐದು ಗ್ರಾಮಿನೊಳಗೆ ಇಳಿಸಬೇಕು. ಅಂದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಕೈ ತಗ್ಗಬೇಕು. ತಂಬಾಕು ಬಿಡಬೇಕು. ಮಂಡಿ ನೋವಿಗೆಂದು ದಿನವೂ ನುಂಗುವ ನೋವಿನ ಮಾತ್ರೆ ಬಿಡಬೇಕು. ನನ್ನ ಆ ರೋಗಿಗೆ ಇವನ್ನೆಲ್ಲ ಹೇಳುವ ಅವಕಾಶ ಹದಿನಾಲ್ಕು ವರ್ಷ ಇತ್ತು.

ದಾಸೋಹದ ಮನೆಯಲ್ಲಿ

ಕೊನೆಯದಾಗಿ ಶ್ರೀಮಠದ ಸದ್ಭಕ್ತರಲ್ಲಿ, ದಾಸೋಹದ ಸೇವೆಯಲ್ಲಿ ನಿಂತವರಲ್ಲಿ ಕೆಲವು ವಿನಂತಿಗಳು.

ಕುದಿದ ಸಾರು, ಬಿಸಿ ಅನ್ನ, ಹುಗ್ಗಿಗಳಿಂದ ಅಪಾಯ ಕಡಿಮೆ. ತಣ್ಣಗಾಗಿ ತಾಸುಗಟ್ಟಲೆ ಉಳಿದರೆ ಮಾತ್ರ ಕೆಡುತ್ತವೆ. ಆದ್ದರಿಂದ ಅಡುಗೆಯನ್ನು ಹಂತ ಹಂತವಾಗಿ ಮಾಡಿ ಬಿಸಿಯಾಗಿ ಬಡಿಸುವುದು ಮೇಲು. ನಾವು ಮರೆಯುವುದು ಒಲೆಯನ್ನೇ ಕಾಣದ ಪದಾರ್ಥಗಳನ್ನು: ಪಾನಕ, ನೀರು ಬೆರೆಸಿದ ಮಜ್ಜಿಗೆ, ಕೋಸಂಬರಿ, ಮೊಳಕೆ ಕಾಳು, ಕಾಯಿಸದ ಹಾಲು. ಇವುಗಳಲ್ಲಿ ನೀರು ಹೇಗಿದೆಯೋ ಹಾಗೆಯೇ ಹೊಟ್ಟೆಗೆ ಹೋಗುತ್ತದೆ. 2011ರಲ್ಲಿ ಜರ್ಮನಿಯಲ್ಲಿ ಹಸಿಯಾಗಿ ತಿಂದ ಮೊಳಕೆ ಮೆಂತ್ಯದಿಂದ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ಮೊಳಕೆ ಕಾಳನ್ನು ಬೇಯಿಸಿಯೇ ಬಡಿಸಿರಿ. ಪಾನಕ ಮಜ್ಜಿಗೆಗೆ ಕುದಿಸಿ ಆರಿಸಿದ ಅಥವಾ ಕ್ಲೋರಿನ್ ಹಾಕಿದ ನೀರನ್ನೇ ಬಳಸಿರಿ.

ಸಾವಿರ ಲೀಟರ್ ತಿಳಿನೀರಿಗೆ ಸುಮಾರು ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೇಕು. ಹಾಕಿ ಒಂದು ತಾಸು ಬಿಡಬೇಕು. ನಲ್ಲಿಯ ಕೊನೆಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಅದನ್ನು ಅಳೆಯುವ ಸಣ್ಣ ಪೆಟ್ಟಿಗೆ ಸುಲಭವಾಗಿ ದೊರೆಯುತ್ತದೆ. ಅಳೆದು ದಿನವೂ ಪುಸ್ತಕದಲ್ಲಿ ಬರೆಯುವ ಹೊಣೆ ಒಬ್ಬರಿಗೆ ಇರಲಿ. ಅಳೆಯದ ದಿನ “ಅಳೆದಿಲ್ಲ” ಎಂದೇ ಬರೆಯಲಿ. ಕೆನಡಾದ ಆ ಊರನ್ನು ಕೆಡಿಸಿದ್ದು ರೋಗಾಣುವಿಗಿಂತ ಹೆಚ್ಚಾಗಿ ಸುಳ್ಳು ಅಂಕಿ. ಬಾವಿ, ಕೊಳವೆಬಾವಿಗಳ ಹತ್ತಿರ ತಿಪ್ಪೆ ಬೇಡ. ಮಳೆನೀರು ಒಳಗಿಳಿಯದಂತೆ ಕಟ್ಟೆ ಇರಲಿ. ಗೋವನ್ನು ಪೂಜಿಸುವ ನಾವು ಸಗಣಿಗೆ ಅದರ ಜಾಗವನ್ನು ಕೊಡಬೇಕು. ಅದರ ಜಾಗ ಹೊಲ, ಕುಡಿಯುವ ನೀರಲ್ಲ.

ಜಾತ್ರೆಯ ಕಾಲದಲ್ಲಿ ಆರೋಗ್ಯ ಶಿಬಿರ ನಡೆಯುವಲ್ಲೆಲ್ಲ ಕಣ್ಣು, ಸಕ್ಕರೆ ಪರೀಕ್ಷೆಗಳ ಜೊತೆಗೆ ರಕ್ತದೊತ್ತಡ ಮತ್ತು ಮೂತ್ರದ ಪಟ್ಟಿ ಪರೀಕ್ಷೆಯನ್ನೂ ಸೇರಿಸಬೇಕೆಂಬುದು ನನ್ನ ಬಹುದಿನದ ಬೇಡಿಕೆ. ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಆ ಪಟ್ಟಿಗೆ ಖರ್ಚು ಅಲ್ಪ, ಕಾಲ ಒಂದೆರಡು ನಿಮಿಷ. ಬಂದವರನ್ನು ಒಂದು ಪ್ರಶ್ನೆ ಕೇಳಬೇಕು: “ಹಿಂದೆ ಎಂದಾದರೂ ರಕ್ತಭೇದಿಯಾಗಿ ಅಥವಾ ಭೇದಿಯಲ್ಲಿ ಮೂತ್ರ ನಿಂತು ಕಷ್ಟಪಟ್ಟಿದ್ದೀರಾ?” ಹೌದೆಂದವರ ಹೆಸರನ್ನು ಬೇರೆಯಾಗಿ ಬರೆದುಕೊಂಡು ಮರುವರ್ಷವೂ ಕರೆಯಬೇಕು. ಹಸಿದವರಿಗೆ ಉಣಬಡಿಸುವುದು ದಾಸೋಹ. ಉಂಡವರು ಕ್ಷೇಮವಾಗಿದ್ದಾರೆಯೇ ಎಂದು ವಿಚಾರಿಸುವುದೂ ಅದರ ಭಾಗವೇ ಎಂದು ನಾನು ಭಾವಿಸುತ್ತೇನೆ.

ನಾನೀಗ ಭೇದಿಯ ರೋಗಿಗೆ ಕೊಡುವ ಚೀಟಿಯ ಕೆಳಗೆ ಒಂದು ಸಾಲು ಬರೆಯುತ್ತೇನೆ: “ಮೂರು ತಿಂಗಳಿಗೆ ಮತ್ತೆ ಬರಬೇಕು, ಬಿ.ಪಿ., ರಕ್ತ, ಮೂತ್ರ.” ಎಲ್ಲರೂ ಬರುವುದಿಲ್ಲ. ಬಂದವರಲ್ಲಿ ಹೆಚ್ಚಿನವರಿಗೆ ಏನೂ ಇರುವುದಿಲ್ಲ. ಅವರನ್ನು ನಗುತ್ತ ಕಳುಹಿಸುತ್ತೇನೆ. ಕೆಲವರಲ್ಲಿ ರಕ್ತದೊತ್ತಡ ಏರಿರುವುದು ತಿಳಿದು, ಕಾಲಕ್ಕೆ ಸರಿಯಾಗಿ ಚಿಕಿತ್ಸೆ ಆರಂಭವಾಗಿದೆ. ಈ ಒಂದು ಸಾಲನ್ನು ನಾನು ವೃತ್ತಿಯ ಮೊದಲ ದಿನದಿಂದಲೇ ಬರೆಯಬೇಕಿತ್ತು. ತಮ್ಮ ಮನೆಯಲ್ಲಿ ಯಾರಿಗಾದರೂ ಅಂತಹ ತೀವ್ರವಾದ ಭೇದಿ ಬಂದುಹೋಗಿದ್ದರೆ, ವೈದ್ಯರು ಹೇಳಲಿಲ್ಲವೆಂದು ಕಾಯಬೇಡಿ. ತಾವೇ ಹೋಗಿ ನೋಡಿಸಿಕೊಳ್ಳಿ.